ಬೆವರು ಕಾಣದ ಬಿಸಿಲು

ದೆಹಲಿಯ ಶಾಲೆಗಳಿಗೆ ಬೇಸಿಗೆ ರಜೆ ಬಿದ್ದರೆ ಸಾಕು, ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಜೈಸಲ್ಮೇರ್‌ಗೆ ಈಗ ಹೋಗಬಹುದಾ? ಟೆಂಟ್ ಅರ್ಧ ಬೆಲೆಗೆ ಸಿಗ್ತಿದೆ." ಡಿಸೆಂಬರ್‌ನಲ್ಲಿ ಹೋಗಿ ಎನ್ನುವುದೇ ನನ್ನ ಮೊದಲ ಉತ್ತರ. ಆದರೆ ಮಕ್ಕಳ ರಜೆ ನಮ್ಮ ಮಾತು ಕೇಳುವುದಿಲ್ಲವಲ್ಲ. ನಾನೂ ಮೂರು ಬೇಸಿಗೆ ಹೋಗಿ ಬಂದವನು. ಹೋಗಿಯೇ ತೀರುತ್ತೇವೆ ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

"ನಮಗೇನು ಬಿಸಿಲು ಹೊಸದಾ?" ಎನ್ನುವವರೇ ಹೆಚ್ಚು. ರಾಯಚೂರು, ಕಲಬುರಗಿಯವರಿಗೆ 43 ಡಿಗ್ರಿ ಹೊಸದಲ್ಲ, ಒಪ್ಪಿದೆ. ಆದರೆ ಥಾರ್ ಮರುಭೂಮಿಯ ಫಲೋದಿಯಲ್ಲಿ 2016ರ ಮೇ 19ರಂದು ದಾಖಲಾದದ್ದು 51 ಡಿಗ್ರಿ. ಅದೂ ನೆರಳಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಅಳೆದದ್ದು. ಬಿಸಿಲಿಗೆ ಬಿದ್ದ ಮರಳು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ.

ಮುಂಬೈ, ಚೆನ್ನೈಯವರು ಮೋಸ ಹೋಗುವುದು ಇನ್ನೊಂದು ಕಡೆ. ಅಲ್ಲಿ ಬೆವರು ಆರುವುದಿಲ್ಲ, ಅಂಗಿ ತೊಯ್ದು ಮೈಗಂಟುತ್ತದೆ, ಕೈ ತಾನಾಗಿ ನೀರಿನ ಬಾಟಲಿಗೆ ಹೋಗುತ್ತದೆ. ಥಾರ್‌ನ ಒಣಗಾಳಿಯಲ್ಲಿ ಬೆವರು ಹೊರಬಂದ ಕ್ಷಣವೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ. "ನನಗೆ ಬೆವರೇ ಬರ್ತಿಲ್ಲ, ಆರಾಮಾಗಿದೀನಿ" ಎನ್ನುವ ಮನುಷ್ಯ ನಡೆಯುತ್ತಲೇ ಗಂಟೆಗೆ ಒಂದು ಲೀಟರ್‌ನಷ್ಟು ನೀರು ಕಳೆದುಕೊಳ್ಳುತ್ತಿರಬಹುದು. ಸಂಜೆ ಅಂಗಿಯ ಕಾಲರ್ ನೋಡಿ: ಉಪ್ಪಿನ ಬಿಳಿ ಗೆರೆ ಲೆಕ್ಕ ಹೇಳುತ್ತದೆ.

ಎರಡನೆಯ ಸಲ ನಮ್ಮ ಜೊತೆ ಚೆನ್ನೈಯಿಂದ ಬಂದ ಭಾವ ಇದ್ದರು. ಪ್ರವಾಸದ ಪ್ಯಾಕೇಜಿನವನು ಒಂಟೆ ಸವಾರಿಯನ್ನು ನಾಲ್ಕು ಗಂಟೆಗೇ ಇಟ್ಟಿದ್ದ. ಸಮ್ ಮರಳ ದಿಬ್ಬದ ಮೇಲೆ ಅರ್ಧ ಗಂಟೆ ಕಳೆದಿರಬಹುದು, ಅಕ್ಕ ಏನೋ ಕೇಳಿದರೆ ಭಾವ ಸಂಬಂಧವಿಲ್ಲದ ಉತ್ತರ ಕೊಟ್ಟರು. ನಾವೆಲ್ಲ ತಮಾಷೆ ಎಂದುಕೊಂಡು ನಕ್ಕೆವು. ನಗದೆ ಇದ್ದವನು ಒಂಟೆಯವನೊಬ್ಬನೇ. ಭಾವನವರನ್ನು ಇಳಿಸಿ, ಜೀಪಿನ ನೆರಳಿಗೆ ಮಲಗಿಸಿ, ತನ್ನ ಸಾಫಾ ಬಿಚ್ಚಿ ಕ್ಯಾನಿನ ನೀರಲ್ಲಿ ಅದ್ದಿ ಮೈಮೇಲೆ ಹೊದಿಸಿದ, ಇನ್ನೊಂದು ಬಟ್ಟೆಯಿಂದ ಬೀಸತೊಡಗಿದ. ಒದ್ದೆ ಮಾಡಿ ಬೀಸುತ್ತಲೇ ಊರಿನ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರ್ ಬಂದೆವು. ಎರಡು ದಿನ ಅಲ್ಲೇ ಇದ್ದು ಭಾವ ಎದ್ದು ಕೂತರು.

ಶಾಖದ ಹೊಡೆತದ ದೊಡ್ಡ ಗುರುತು ಅದೇ, ಮಾತು ತಪ್ಪುವುದು. ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಬಂದಾಗಲೇ ನೆರಳಿಗೆ ಸೇರಿ ನಿಧಾನವಾಗಿ ಕುಡಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಮಾತು ತೊದಲಿದರೆ, ನಡಿಗೆ ಓಲಾಡಿದರೆ ದೇಹದ ಒಳಗಿನ ಶಾಖ 40 ಡಿಗ್ರಿ ದಾಟಿರಬಹುದು. ಆಗ ಮೈ ತಣಿಸುತ್ತಲೇ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಎಚ್ಚರ ತಪ್ಪುತ್ತಿರುವವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋದೀತು. ಚರ್ಮ ಒಣಗಿದ್ದರೆ ಮಾತ್ರ ಶಾಖದ ಹೊಡೆತ ಎಂದು ಕಾಯಲೂ ಬೇಡಿ. ದಣಿದು ನಡೆದವರಿಗೆ ಬೆವರುತ್ತಿರುವಾಗಲೇ ಅದು ಬಡಿಯಬಹುದು.

ನಾಲ್ಕು ಗಂಟೆಯ ವಿಷಯಕ್ಕೆ ಬರುತ್ತೇನೆ. ಜೈಸಲ್ಮೇರ್ ದೇಶದ ಪಶ್ಚಿಮದ ಅಂಚಿನಲ್ಲಿದೆ, ಗಡಿಯಾರ ಮಾತ್ರ ನಮ್ಮದೇ. ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಹನ್ನೆರಡೂ ಮುಕ್ಕಾಲರ ಹೊತ್ತಿಗೆ. ಬೆಂಗಳೂರು, ದೆಹಲಿಗಿಂತ ಸುಮಾರು 25 ನಿಮಿಷ ತಡ. ಗಾಳಿಯ ಶಾಖ ತುತ್ತತುದಿ ಮುಟ್ಟುವುದು ಮೂರು-ನಾಲ್ಕರ ನಡುವೆ. "ನಾಲ್ಕಾಯ್ತು, ಬಿಸಿಲು ಇಳೀತು" ಎನ್ನುವ ನಮ್ಮ ಲೆಕ್ಕ ಅಲ್ಲಿ ನಡೆಯದು. ಸವಾರಿಯನ್ನು ಆರೂವರೆಗೆ ಇಡಿ ಎಂದು ಮೊದಲೇ ಹೇಳಿ. ಸೂರ್ಯಾಸ್ತ ಏಳೂವರೆಗೆ, ಫೋಟೋಗೂ ಅದೇ ಹೊತ್ತು. ಕೋಟೆ ನೋಡುವುದನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಹನ್ನೊಂದರಿಂದ ಐದೂವರೆಯವರೆಗೆ ಊರಿಗೂರೇ ಬಾಗಿಲು ಹಾಕಿರುತ್ತದೆ, ನೀವೂ ಮಲಗಿ.

ಬರೀ ನೀರನ್ನೇ ಗಟಗಟನೆ ಕುಡಿಯುತ್ತಿದ್ದರೆ ರಕ್ತದಲ್ಲಿ ಉಪ್ಪು ಇಳಿದು ಅದೂ ಅಪಾಯ. ಓಆರ್‌ಎಸ್ ಪೊಟ್ಟಣ ಜೇಬಿನಲ್ಲಿರಲಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಮಜ್ಜಿಗೆ ಅಲ್ಲಿ ಎಲ್ಲೆಡೆ ಸಿಗುತ್ತದೆ, ಒಗ್ಗರಣೆ ಒಂದಿಲ್ಲ ಅಷ್ಟೇ. ರಕ್ತದೊತ್ತಡಕ್ಕೆ, ಮೂತ್ರ ಹೆಚ್ಚಿಸಲು ಮಾತ್ರೆ ನುಂಗುವ ಹಿರಿಯರಿದ್ದರೆ ಹೊರಡುವ ಮುಂಚೆ ವೈದ್ಯರನ್ನು ಕೇಳಿ.

ತೋಳಿಲ್ಲದ ಅಂಗಿ, ಚಡ್ಡಿ ತಂಪು ಎನ್ನುವುದು ಸಮುದ್ರ ತೀರದ ಮಾತು. 45 ಡಿಗ್ರಿಯ ಲೂ ಗಾಳಿ ಬರಿಮೈಗೆ ಬಡಿದರೆ ಮೈಯೇ ಕಾಯುತ್ತದೆ, ಬೈಕಿನಲ್ಲಿ ಹೋದರಂತೂ ಇನ್ನೂ ಹೆಚ್ಚು. ಸಡಿಲವಾದ, ತುಂಬುತೋಳಿನ ಹತ್ತಿ ಬಟ್ಟೆ ಹಾಕಿ, ತಲೆಗೆ ಒಂದು ಪಂಚೆ ಸುತ್ತಿ.

ರಾತ್ರಿ ಹತ್ತರ ಮೇಲೆ ಮರಳು ತಣ್ಣಗಾಗುತ್ತದೆ. ಊರ ದೀಪಗಳಿಂದ ದೂರ ಚಾಪೆ ಹಾಸಿ ಮಲಗಿದರೆ ನಮ್ಮ ಮಹಾನಗರದ ಮಕ್ಕಳು ನಕ್ಷತ್ರ ಎಣಿಸಲು ಶುರುಮಾಡಿ ಸೋತುಹೋಗುತ್ತಾರೆ. ಆದರೆ ಬೇಸಿಗೆಯಲ್ಲಿ ಗರಗಸ ಮಂಡಲದ ಹಾವೂ ಹೊರಬೀಳುವುದು ಆ ಹೊತ್ತಿಗೇ. ಟಾರ್ಚ್ ಕೈಯಲ್ಲಿರಲಿ, ಶೂ ಕೊಡವಿಯೇ ಹಾಕಿಕೊಳ್ಳಿ.