ಸಂತೆಗೆ ಹೋಗದ ಹೂವು

ನಮ್ಮದು ಹೂವಿನ ಹಡಗಲಿ ತಾಲ್ಲೂಕು. ಇಲ್ಲಿ ಹೂವೆಂದರೆ ಮೊದಲು ಲೆಕ್ಕ, ಆಮೇಲೆ ಚೆಂದ. ಮೈಸೂರು, ಉಡುಪಿ ಮಲ್ಲಿಗೆಗಳ ಹಾಗೆ ನಮ್ಮ ಹಡಗಲಿ ಮಲ್ಲಿಗೆಗೂ ಜಿಐ ಮಾನ್ಯತೆ ಇದೆ. ಆದರೆ ಮೊಗ್ಗನ್ನು ಬಿಸಿಲೇರುವ ಮೊದಲೇ ಬಿಡಿಸಿ ಬಸ್ಸಿಗೆ ಏರಿಸದಿದ್ದರೆ ಆ ಮಾನ್ಯತೆ ಕಟ್ಟಿಕೊಂಡು ಏನು ಮಾಡುವುದು? ಅರಳಿದರೆ ದರ ಬಿದ್ದಂತೆಯೇ. ಮಲ್ಲಿಗೆ ತೋಟದ ಮನೆಗೆ ಸೊಸೆಯಾಗಿ ಬಂದ ನನಗೆ ಈ ಲೆಕ್ಕ ಬೆರಳಿಗೇ ಹತ್ತಿಬಿಟ್ಟಿದೆ. ಅದಕ್ಕೇ ಇರಬೇಕು, ಯಾರೂ ಮಾರದ, ಯಾರೂ ಕೊಳ್ಳದ ಬ್ರಹ್ಮಕಮಲದ ಮೇಲೆ ನನಗೆ ವಿಚಿತ್ರ ಮೋಹ.

ಹೊಳಲಿನ ನಮ್ಮ ಓಣಿಯಲ್ಲಿ ಆರೇಳು ಮನೆಗಳಲ್ಲಿ ಈ ಗಿಡವಿದೆ. ಮುಂಗಾರು ಬಿದ್ದ ಮೇಲೆ ಯಾವುದೋ ರಾತ್ರಿ ಪಕ್ಕದ ಮನೆ ಹುಡುಗಿ ಓಡಿ ಬರುತ್ತಾಳೆ: "ದೊಡ್ಡವ್ವಾ, ಬ್ರಹ್ಮಕಮಲ ಬಿಚ್ಚಾಕ ಹತ್ತೇತಿ, ಅವ್ವ ಕರೀತಾಳ ಬಾ." ನಾವು ಹೋಗುವಷ್ಟರಲ್ಲಿ ಕುಂಡಕ್ಕೆ ಅರಿಸಿನ-ಕುಂಕುಮ ಏರಿಸಿ, ಊದುಬತ್ತಿ ಹಚ್ಚಿ, ಮೊಬೈಲಿನ ಟಾರ್ಚು ಹಿಡಿದು ನಾಲ್ಕು ಜನ ನಿಂತಿರುತ್ತಾರೆ. ಊದುಬತ್ತಿ ಒಂದು ಬೇಡವಾಗಿತ್ತು ಅನಿಸುತ್ತದೆ ನನಗೆ. ಹೂವಿನ ವಾಸನೆಯನ್ನೇ ಅದು ಮುಚ್ಚಿಬಿಡುತ್ತದೆ.

ಇವತ್ತು ಬಿಚ್ಚುತ್ತದೋ ಇಲ್ಲವೋ ಎಂಬುದು ಸಂಜೆಗೇ ತಿಳಿಯುತ್ತದೆ. ಎರಡು-ಮೂರು ವಾರ ಜೋತಾಡುತ್ತಿದ್ದ ಮೊಗ್ಗು ಕತ್ತು ಮೇಲಕ್ಕೆ ಬಾಗಿಸಿ ಉಬ್ಬಿರುತ್ತದೆ. ಹೊರಗಿನ ನಸುಗೆಂಪು ಎಸಳುಗಳು ಸಡಿಲವಾಗಿರುತ್ತವೆ. ಎಂಟು-ಒಂಬತ್ತರ ಹೊತ್ತಿಗೆ ಬಾಯಿ ಬಿಡುತ್ತದೆ, ನಡುರಾತ್ರಿಗೆ ಪೂರ್ತಿ ಅರಳುತ್ತದೆ, ಬೆಳಗಿಗೆ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. ಹೂವಿನ ಉದ್ದ 25-30 ಸೆಂಟಿಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಕೊಳವೆ. ಒಳಗೆ ನೂರಾರು ಬಿಳಿ ಕೇಸರಗಳು. ಅವುಗಳ ನಡುವಿನಿಂದ ದಪ್ಪನೆಯ ಶಲಾಕೆಯೊಂದು ಹೊರಚಾಚಿ, ತುದಿಯಲ್ಲಿ ಹತ್ತಾರು ಎಳೆಗಳಾಗಿ ಬಿಚ್ಚಿಕೊಂಡಿರುತ್ತದೆ. ಕೆಳಗೆ ಬಾಗಿದ ಕೇಸರಗಳು ಶೇಷಶಯನ, ಮೇಲೆದ್ದದ್ದು ಬ್ರಹ್ಮ ಎಂದು ಹಿರಿಯರು ತೋರಿಸುತ್ತಾರೆ. ಅನಂತಶಯನನ ಗುಡಿ ಇರುವ ಊರಿನವರಿಗೆ ಹಾಗೆ ಕಾಣದೆ ಇನ್ನು ಹೇಗೆ ಕಂಡೀತು!

ಇಷ್ಟೆಲ್ಲ ಸಿಂಗಾರ ನಮಗಾಗಿ ಅಲ್ಲ, ರಾತ್ರಿ ಹಾರುವ ದೊಡ್ಡ ಪತಂಗಗಳಿಗಾಗಿ. ಕತ್ತಲಲ್ಲಿ ಕಾಣಲು ಬಿಳಿ ಬಣ್ಣ, ದೂರದಿಂದ ಕರೆಯಲು ಘಮ, ಉದ್ದ ಸೊಂಡಿಲಿನ ಪತಂಗಕ್ಕೆ ಮಾತ್ರ ಎಟುಕುವಂತೆ ಕೊಳವೆಯ ತಳದಲ್ಲಿ ಮಕರಂದ. ನಮ್ಮ ಮಲ್ಲಿಗೆ ಬೆಳ್ಳಗಿರುವುದಕ್ಕೂ ಸಂಜೆಯ ಮೇಲೆ ಬಿರಿದು ಘಮ್ಮೆನ್ನುವುದಕ್ಕೂ ಕಾರಣ ಇದೇ.

ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆ. 3000 ಮೀಟರಿಗೂ ಮೇಲೆ ಬೆಳೆಯುವ ಅದು ಸೂರ್ಯಕಾಂತಿಯ ಕುಟುಂಬದ್ದು, ಉತ್ತರಾಖಂಡದ ರಾಜ್ಯಪುಷ್ಪ. ನಮ್ಮ ಕುಂಡದಲ್ಲಿರುವುದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡಿನ ಕ್ಯಾಕ್ಟಸ್. 1828ರಲ್ಲಿ ಡಿ ಕ್ಯಾಂಡೋಲ್ ಎಂಬ ಸಸ್ಯವಿಜ್ಞಾನಿ ವರ್ಣಿಸಿದ್ದು, ಈಗಿನ ಹೆಸರು ಎಪಿಫಿಲಮ್ ಆಕ್ಸಿಪೆಟಾಲಮ್. ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ ಎಂಬುದೂ ಸುಳ್ಳು. ಬಲಿತ ಗಿಡ ಒಂದೇ ಮಳೆಗಾಲದಲ್ಲಿ ಎರಡು-ಮೂರು ಸಲ ಬಿಡುತ್ತದೆ.

ಕ್ಯಾಕ್ಟಸ್ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ, ಮುಳ್ಳಿಲ್ಲವಲ್ಲ! ಹೊಲದ ಬದುವಿನಲ್ಲಿ ಮುರಿದರೆ ಹಾಲು ಸುರಿಸುವ ಕಳ್ಳಿಗಳು ಕ್ಯಾಕ್ಟಸ್ ಅಲ್ಲವೇ ಅಲ್ಲ. ಪಾಪಾಸುಕಳ್ಳಿ ಹೌದು, ಅದೂ ಅಮೆರಿಕದಿಂದ ಬಂದದ್ದೇ. ಅದು ದಕ್ಷಿಣದ ಹೊಲಗಳನ್ನು ನುಂಗಲು ಹೊರಟಾಗ 1926ರಲ್ಲಿ ಶ್ರೀಲಂಕಾದಿಂದ ಬಿಳಿ ಹಿಟ್ಟು ಮೆತ್ತಿದಂಥ ಪುಟ್ಟ ಕೀಟವೊಂದನ್ನು ತರಿಸಿ ಬಿಟ್ಟು ಹತೋಟಿಗೆ ತಂದರು. ಈ ಒರಟು ನೆಂಟನಿಗೂ ನಮ್ಮ ನಾಜೂಕು ಗಿಡಕ್ಕೂ ಒಂದು ಗುಣ ಸಮಾನ: ಹಗಲು ಉಸಿರಾಟದ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಗಾಳಿ ಎಳೆದುಕೊಳ್ಳುತ್ತವೆ. ನೀರು ಪೋಲಾಗುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಬದುಕುವವರಿಗೆ ಇದಕ್ಕಿಂತ ಬುದ್ಧಿ ಬೇಕೆ?

ಸ್ವಂತ ನೆಲದಲ್ಲಿ ಇದು ಮರದ ಕವಲಿನಲ್ಲಿ, ಕೊಳೆತ ಎಲೆಯ ಹುಡಿಯಲ್ಲಿ ಬೇರೂರಿ ಕೂರುತ್ತದೆ. ಮಾವಿನ ಮರದ ಬದನಿಕೆಯ ಹಾಗೆ ಆಶ್ರಯ ಕೊಟ್ಟ ಮರದ ರಸ ಹೀರುವುದಿಲ್ಲ. ಇದು ಗೊತ್ತಾದರೆ ಆರೈಕೆ ತಾನಾಗಿ ಗೊತ್ತಾದಂತೆ. ಎರೆಮಣ್ಣು ತುಂಬಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಕೆಮ್ಮಣ್ಣಿಗೆ ಮರಳು, ಎಲೆಗೊಬ್ಬರ ಸೇರಿಸಿ. ಬೇವಿನ ಮರದಡಿಯ ಚುಕ್ಕೆ ಬಿಸಿಲು ಸಾಕು, ನೆತ್ತಿಯ ಬಿಸಿಲಿಗೆ ಇಟ್ಟರೆ ಸುಟ್ಟು ಹಳದಿಯಾಗುತ್ತದೆ. ನಾವು ಎಲೆ ಎನ್ನುವುದು ಅಸಲಿಗೆ ಚಪ್ಪಟೆಯಾದ ಕಾಂಡ. ಅಂಚಿನ ಕಚ್ಚುಗಳನ್ನು ನೋಡಿ, ಹೊಸ ಚಿಗುರೂ ಮೊಗ್ಗೂ ಹೊರಡುವುದು ಅಲ್ಲಿಂದಲೇ. ಗೇಣುದ್ದದ ತುಂಡು ಕತ್ತರಿಸಿ, ಗಾಯ ಒಣಗಲು ಮೂರ್ನಾಲ್ಕು ದಿನ ನೆರಳಲ್ಲಿಟ್ಟು ನೆಟ್ಟರೆ ಹತ್ತುತ್ತದೆ. ಹೂವಿಗೆ ಮಾತ್ರ ಎರಡು-ಮೂರು ವರ್ಷ ಕಾಯಬೇಕು.

ನಮ್ಮೂರಲ್ಲಿ ಗಿಡ ಹಬ್ಬಿದ್ದೇ ಹೀಗೆ, ನರ್ಸರಿಯಿಂದಲ್ಲ. ಅವರ ಮನೆಯಿಂದ ಇವರಿಗೊಂದು ತುಂಡು, ಮಗಳ ಜೊತೆ ಗಂಡನ ಮನೆಗೊಂದು ತುಂಡು. ಓಣಿಯ ಗಿಡಗಳೆಲ್ಲ ಒಂದೇ ತಾಯಿಯ ಚೂರುಗಳಿರಬೇಕು. ಒಂದು ಮನೆಯಲ್ಲಿ ಬಿಚ್ಚಿದ ರಾತ್ರಿಯೇ ಇನ್ನೆರಡು ಮನೆಯಲ್ಲೂ ಬಿಚ್ಚುತ್ತದೆ. ಕಾಯಿ ಮಾತ್ರ ಒಂದೂ ಕಚ್ಚಿದ್ದಿಲ್ಲ. ತನ್ನದೇ ಪರಾಗ ಈ ಜಾತಿಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ, ಬೇರೆ ಮೂಲದ ಗಿಡದ್ದು ಬೇಕು. ಇದರ ಹತ್ತಿರದ ಬಂಧು ಡ್ರ್ಯಾಗನ್ ಫ್ರೂಟ್‌ನ ಕೆಲವು ತಳಿಗಳದ್ದೂ ಇದೇ ಕಥೆ; ಬೆಳೆಗಾರರು ರಾತ್ರಿ ಕುಂಚ ಹಿಡಿದು ಹೂವಿಂದ ಹೂವಿಗೆ ಪರಾಗ ಮುಟ್ಟಿಸುತ್ತಾರೆ. ದಾವಣಗೆರೆಯ ತಂಗಿಯ ಮನೆಯ ಗಿಡ ಬೇರೆ ಮೂಲದ್ದಿದ್ದೀತು ಎಂದು ಒಂದು ತುಂಡು ತರಿಸಿ, ನೀರಿನ ಟಾಕಿಯ ನೆರಳಲ್ಲಿ ನೆಟ್ಟಿದ್ದೇನೆ. ಅದೂ ನಮ್ಮದೂ ಒಂದೇ ರಾತ್ರಿ ಬಿಚ್ಚಿದರೆ ಹತ್ತಿಯ ಬತ್ತಿಯಲ್ಲಿ ನಾನೂ ಮುಟ್ಟಿಸಿ ನೋಡುವವಳೇ. ನಮ್ಮತ್ತೆ ಈಗಲೇ ಕೇಳುತ್ತಿದ್ದಾರೆ, "ಹಣ್ಣು ಬಂದ್ರ ಕೆಜಿಗೆ ಎಷ್ಟಕ್ಕ ಹೊಕ್ಕತಿ?"