ಕೊಬ್ಬರಿ ಕಟ್ಟಿದ ಪೇಟೆ

ತಿಪಟೂರಿನಲ್ಲಿ ನೋಡುವಂಥದ್ದೇನಿದೆ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಊರಾಚೆಗೆ ಹೋಗುತ್ತದೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಛತ್ತಿನಲ್ಲಿ ದಿಕ್ಪಾಲಕರ ನಡುವೆ ಕುಣಿಯುವ ಶಿವ, ವಿಘ್ನಸಂತೆಯ ಲಕ್ಷ್ಮೀನರಸಿಂಹ, ತುರುವೇಕೆರೆಯ ನುಣುಪು ಕರಿಕಲ್ಲಿನ ನಂದಿ. ಊರೊಳಗೇ ಎಂದರೆ ಕೆಂಪಮ್ಮನ ಗುಡಿ. ಕೊಬ್ಬರಿ ಮಾರುಕಟ್ಟೆಯ ಪ್ರಾಂಗಣವನ್ನು ಈ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ಮೂಟೆ, ಲಾರಿ, ಮಂಡಿ ಸಾಲುಗಳಲ್ಲಿ ನೋಡುವುದೇನು ಎಂಬುದು ಸಹಜವಾದ ಆಕ್ಷೇಪ. ಆದರೆ ತಿಪಟೂರು ಏಕೆ ಬೆಳೆಯಿತು ಎಂದು ಕೇಳಿಕೊಂಡರೆ ಈ ಊರಿನ ಮುಖ್ಯ ಸ್ಮಾರಕ ಅದೇ ಎನ್ನಬೇಕಾಗುತ್ತದೆ.

ಸುತ್ತಲಿನ ಊರುಗಳಿಗೆ ಹಳೆಯ ಆಸರೆಗಳಿದ್ದವು. ತುರುವೇಕೆರೆ ಹೊಯ್ಸಳರ ಕಾಲದ ಅಗ್ರಹಾರ. ಚಿಕ್ಕನಾಯಕನಹಳ್ಳಿ ಹಾಗಲವಾಡಿ ಪಾಳೆಯಗಾರರ ಊರು. ಗಂಗಾಪಾಣಿ ಎಂಬ ಎಳನೀರಿಗೆ ಹೆಸರಾಗಿದ್ದ ಹೊನ್ನವಳ್ಳಿ ಮೊದಲು ತಾಲ್ಲೂಕು ಕೇಂದ್ರವಾಗಿತ್ತು. ಕಚೇರಿ ತಿಪಟೂರಿಗೆ ಬಂದದ್ದು ಆಮೇಲೆ. ಇಂಗ್ಲೆಂಡಿನ ಮಧ್ಯಯುಗದಲ್ಲಿ ಸಂತೆ ಕೂಡಿಸಲು ರಾಜನ ಸನ್ನದು ಬೇಕಿತ್ತು. ಒಂದು ಸಂತೆಗೆ ಆರು ಮೈಲಿ ಮತ್ತು ಮೈಲಿಯ ಮೂರನೇ ಎರಡು ಭಾಗಕ್ಕಿಂತ ಹತ್ತಿರದಲ್ಲಿ ಇನ್ನೊಂದು ಕೂಡಿದರೆ ಮೊದಲನೆಯದಕ್ಕೆ ಕೇಡು ಎಂದು ಬ್ರಾಕ್ಟನ್ ಎಂಬ ನ್ಯಾಯಪಂಡಿತ 13ನೇ ಶತಮಾನದಲ್ಲೇ ಲೆಕ್ಕ ಹಾಕಿದ್ದ. ತಿಪಟೂರಿನ ಪೇಟೆಗೆ ಅಂಥ ಸನ್ನದಿನ ಬಲವಿರಲಿಲ್ಲ. ಹಾಗಾದರೆ ಊರನ್ನು ಬೆಳೆಸಿದ್ದು 1889ರಲ್ಲಿ ಹರಿಹರ ಮುಟ್ಟಿದ ರೈಲು ಹಳಿ ಎನ್ನಬಹುದೆ? ಅರ್ಧ ನಿಜ. ಅದೇ ಹಳಿ ಗುಬ್ಬಿಯ ಮೇಲೂ ಹಾಯ್ದಿದೆ. ಮಲೆನಾಡಿನ ಅಡಿಕೆ ವಾಲಾಜಾಪೇಟೆಗೆ ಹೋಗುವ ದಾರಿಯಲ್ಲಿ ಗುಬ್ಬಿ ಅದಕ್ಕೂ ಮೊದಲೇ ದೊಡ್ಡ ವ್ಯಾಪಾರದ ಊರು. ಅರಸೀಕೆರೆಯಂತೂ ಜಂಕ್ಷನ್ನೇ. ಆದರೂ ಕೊಬ್ಬರಿ ಎಂದೊಡನೆ ದೇಶದ ವರ್ತಕರ ಬಾಯಿಗೆ ಬರುವುದು ತಿಪಟೂರು.

ಉಳಿದರ್ಧ ಇರುವುದು ರೈತರ ಅಟ್ಟದಲ್ಲಿ. ಕೇರಳದಲ್ಲಿ ಕಾಯಿ ಒಡೆದು, ಹೋಳು ಒಣಗಿಸಿ ಎಣ್ಣೆಗೆ ಕೊಡುವುದೇ ಹೆಚ್ಚು. ಇಲ್ಲಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ 8ರಿಂದ 12 ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗಡಗಡ ಸದ್ದು ಬರಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯುತ್ತಾರೆ. ಮಳೆ ಕಡಿಮೆಯಿರುವ ಬಯಲುಸೀಮೆಯ ಒಣಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಇದು ಗಾಣಕ್ಕೆ ಹೋಗುವ ಮಾಲಲ್ಲ, ತಿನ್ನುವ ಮಾಲು. ಉತ್ತರ ಭಾರತದಲ್ಲಿ ಪೂಜೆಗೂ ಮಿಠಾಯಿಗೂ ಒಣಹಣ್ಣಿನ ಜೊತೆ ಮಾರಾಟವಾಗುತ್ತದೆ. ಗಾತ್ರ, ಬಣ್ಣ, ಒಣಗಿದ ಹದ ನೋಡಿ ಬೆಲೆ ಕಟ್ಟಬೇಕಾದ್ದರಿಂದ ಮಾಲು ಒಂದೆಡೆ ರಾಶಿಯಾಗಬೇಕು, ಕೊಳ್ಳುವವರು ಹಲವರಿರಬೇಕು. ದಲ್ಲಾಳಿ ಮಂಡಿ, ಹಮಾಲರು, ರವಾನೆ ವರ್ತಕರು, ಈಚಿನ ಇ-ಟೆಂಡರ್ ಎಲ್ಲವೂ ಈ ಅಗತ್ಯದಿಂದಲೇ ಬೆಳೆದವು.

ಒಂದೇ ಮಾಲನ್ನು ನೆಚ್ಚಿದ ಪೇಟೆ ಅಭದ್ರವಲ್ಲವೆ? ಹೌದು. 1990ರ ದಶಕದ ಕೊನೆಗೆ ಬಂದ ನುಸಿ ಪೀಡೆ ಕಾಯಿಯ ಗಾತ್ರವನ್ನೇ ಕುಗ್ಗಿಸಿತು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆಯಲ್ಲಿ ದರ 8,000ದ ಆಸುಪಾಸಿಗೆ ಇಳಿಯಿತು. 2025ರಲ್ಲಿ ಅದೇ ದರ 20,000 ದಾಟಿತು. ಇಂಥ ಏರಿಳಿತಕ್ಕೆ ಅಟ್ಟವೇ ರಕ್ಷಣೆ ಎನ್ನುವವರಿದ್ದಾರೆ: ದರ ಬಿದ್ದರೆ ಸುಲಿಯದೆ ಇಟ್ಟುಕೊಳ್ಳಬಹುದಲ್ಲ! ಆದರೆ ಕಾಯುವ ಶಕ್ತಿ ತೋಟ ದೊಡ್ಡದಿದ್ದವರಿಗೆ ಮಾತ್ರ. ಸಾಲದ ಕಂತು, ಮಕ್ಕಳ ಫೀಸು ಎದುರಿಗಿರುವ ಸಣ್ಣ ಹಿಡುವಳಿದಾರ ಅಂದಿನ ದರಕ್ಕೇ ಮೂಟೆ ಇಳಿಸುತ್ತಾನೆ. ಬೆಂಬಲ ಬೆಲೆಗೆ ಕೊಳ್ಳುವ ನಫೆಡ್ ಸಂಸ್ಥೆ ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಅವನ ಅಟ್ಟ ಬರಿದಾಗಿರುತ್ತದೆ. ಕೊಬ್ಬರಿಯ ಮೇಲೆ ಅಡಮಾನ ಸಾಲ ಕೊಡುವ ವ್ಯವಸ್ಥೆಯನ್ನು ಮಾರುಕಟ್ಟೆ ಸಮಿತಿಗಳು ಇಂಥ ರೈತನ ಕೈಗೆಟುಕುವಂತೆ ಮಾಡಲಿ, ಖರೀದಿ ಕೇಂದ್ರಗಳು ದರ ಕುಸಿಯುವ ಮೊದಲೇ ಬಾಗಿಲು ತೆರೆಯಲಿ.