ಮುರಿದ ತಿರುಪು, ಹೆಚ್ಚಿದ ಓಟ

1837ರ ಫೆಬ್ರವರಿ. ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ಕೃಷಿಕ ತನ್ನ ಪುಟ್ಟ ಉಗಿದೋಣಿಯನ್ನು ಓಡಿಸಿ ನೋಡುತ್ತಿದ್ದ. ದೋಣಿಯನ್ನು ಹಿಂದಿನಿಂದ ನೂಕುತ್ತಿದ್ದುದು ಎರಡು ಸುತ್ತಿನ ಮರದ ತಿರುಪು. ಅದು ಏನಕ್ಕೋ ಬಡಿದು ಅರ್ಧ ಮುರಿದುಹೋಯಿತು. ಕೆಲಸ ಕೆಟ್ಟಿತು ಅನ್ನುವಷ್ಟರಲ್ಲಿ ದೋಣಿ ಮೊದಲಿಗಿಂತ ಜೋರಾಗಿ ಓಡತೊಡಗಿತು. ಸ್ಮಿತ್ ಜಾಣ. ಮುರಿದ ತುಂಡನ್ನು ಮತ್ತೆ ಕೂಡಿಸುವ ಗೋಜಿಗೆ ಹೋಗದೆ ಒಂದೇ ಸುತ್ತಿನ ಹೊಸ ತಿರುಪು ಮಾಡಿಸಿದ.

ದೋಣಿಗೆ ವೇಗ ಬೇಕೆಂದರೆ ನಮ್ಮ ಮನಸ್ಸು ಮೊದಲು ಓಡುವುದು ಎಂಜಿನ್ನಿನ ಕಡೆಗೆ. ಅದು ದುಬಾರಿ ದಾರಿ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ನೀರೊಳಗೆ ಬೇಡದ್ದು ಎಷ್ಟು ಮುಳುಗಿದೆ?

ಆ ಪ್ರಶ್ನೆಗೆ ಬರುವ ಮುನ್ನ ಪ್ರೊಪೆಲ್ಲರ್, ಅಂದರೆ ದೋಣಿಯನ್ನು ನೂಕುವ ತಿರುಪು. ಅದನ್ನು ಮರಕ್ಕೆ ಇಳಿಯುವ ತಿರುಪುಮೊಳೆ ಎಂದುಕೊಳ್ಳಿ. ಒಂದು ಸುತ್ತಿಗೆ ಅದು ಎಷ್ಟು ದೂರ ಮುಂದೆ ಹೋಗಬೇಕೋ ಆ ಅಳತೆಗೆ ಪಿಚ್ ಎಂದು ಹೆಸರು. ಪ್ರೊಪೆಲ್ಲರಿನ ಮೇಲೆ ಅದನ್ನು ಇಂಚಿನಲ್ಲಿ ಕೊರೆದಿರುತ್ತಾರೆ. 21 ಇಂಚು ಪಿಚ್, ನಿಮಿಷಕ್ಕೆ 5000 ಸುತ್ತು ತಿರುಗುವ ಎಂಜಿನ್, ಎಂಜಿನ್ ಒಂದೂವರೆ ಸುತ್ತು ಹಾಕಿದಾಗ ಪ್ರೊಪೆಲ್ಲರ್ ಒಂದು ಸುತ್ತು ಹಾಕುವ ಗೇರು. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 107 ಕಿಲೋಮೀಟರ್ ಬರುತ್ತದೆ. ನಿಜದಲ್ಲಿ ಬರುವುದಿಲ್ಲ. ನೀರು ಮರವಲ್ಲ, ಜಾರುತ್ತದೆ. ನೂರಕ್ಕೆ ಹನ್ನೆರಡರಷ್ಟು ಜಾರಿದರೆ ಉಳಿಯುವುದು 94. ಈ ಜಾರನ್ನು ಪೂರ್ತಿ ಇಲ್ಲವಾಗಿಸುತ್ತೇನೆ ಎಂದು ಹೊರಡುವವರಿದ್ದಾರೆ. ಅದು ಆಗದ ಮಾತು. ಪ್ರೊಪೆಲ್ಲರಿನ ರೆಕ್ಕೆ ನೀರನ್ನು ಒಂದಿಷ್ಟು ಹಿಂದಕ್ಕೆ ತಳ್ಳಿದರೆ ತಾನೇ ದೋಣಿ ಮುಂದಕ್ಕೆ ಹೋಗುವುದು?

ಹಾಗಾದರೆ 25 ಇಂಚು ಪಿಚ್‌ನದ್ದು ಹಾಕಿಬಿಟ್ಟರಾಯಿತಲ್ಲ! ಆಗುಂಬೆ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತಲು ಹೊರಟ ಬೈಕನ್ನು ನೆನಪಿಸಿಕೊಳ್ಳಿ. ಎಂಜಿನ್ ಗುದ್ದಾಡುತ್ತದೆ, ಬಿಸಿಯಾಗುತ್ತದೆ, ಏರುವುದಿಲ್ಲ. ಪಿಚ್ ಒಂದು ಇಂಚು ಹೆಚ್ಚಿದರೆ ಎಂಜಿನ್ ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತು ಕಳೆದುಕೊಳ್ಳುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಎಷ್ಟು ಸುತ್ತು ಇರಬೇಕೆಂದು ತಯಾರಕರು ಒಂದು ಮಿತಿ ಹೇಳಿರುತ್ತಾರೆ. ಎಂದಿನ ಹೊರೆಯೊಂದಿಗೆ ಆ ಮಿತಿಯ ಮೇಲ್ತುದಿ ಮುಟ್ಟಿಸುವ ಪಿಚ್ಚೇ ಸರಿಯಾದ ಪಿಚ್. ಮಲ್ಪೆಯ ಟ್ರಾಲ್ ಬೋಟಿನ ಕೆಳಗೆ ಅಗಲವಾದ, ನಿಧಾನ ತಿರುಗುವ ಪ್ರೊಪೆಲ್ಲರ್ ಇರುವುದೂ ಇದೇ ಲೆಕ್ಕದಿಂದ: ಅದು ಎಳೆಯಬೇಕಾದದ್ದು ಬಲೆಯನ್ನು. ಇನ್ನು ಲೋಹದ ಮಾತು. ಸ್ಟೇನ್‌ಲೆಸ್ ಸ್ಟೀಲು ಅಲ್ಯೂಮಿನಿಯಮ್‌ಗಿಂತ ಗಟ್ಟಿ, ಹಾಗಾಗಿ ರೆಕ್ಕೆ ತೆಳ್ಳಗಿರಬಹುದು, ಒತ್ತಡಕ್ಕೆ ಅಷ್ಟಾಗಿ ಬಾಗುವುದಿಲ್ಲ. ಆದರೆ ಬಂಡೆಗೆ ಬಡಿದಾಗ ಅಲ್ಯೂಮಿನಿಯಮ್ ತಾನು ಮುರಿದು ಗೇರನ್ನು ಉಳಿಸುವುದೂ ಉಂಟು.

ನಿಜವಾದ ಸ್ವಾರಸ್ಯ ಇರುವುದು ಎಂಜಿನ್ ಕೂರಿಸುವ ಎತ್ತರದಲ್ಲಿ. ವೇಗದ ದೋಣಿ ನೀರನ್ನು ಸೀಳಿಕೊಂಡು ಹೋಗುವುದಿಲ್ಲ, ಕೆರೆಯ ಮೇಲೆ ಎಸೆದ ಚಪ್ಪಟೆ ಕಲ್ಲಿನಂತೆ ಮೇಲೆಯೇ ಓಡುತ್ತದೆ. ಆಗ ನೀರಲ್ಲಿ ಉಳಿಯುವುದು ತಳದ ಹಿಂಭಾಗದ ಸ್ವಲ್ಪ ಜಾಗ ಮತ್ತು ಎಂಜಿನ್ನಿನ ಕೆಳಗೆ ಪ್ರೊಪೆಲ್ಲರನ್ನು ಹೊತ್ತ ಗೇರುಪೆಟ್ಟಿಗೆ. ಇದರದೇ ದೊಡ್ಡ ಕಾಟ. ವೇಗ ಎರಡರಷ್ಟಾದರೆ ಅದನ್ನು ನೀರಲ್ಲಿ ಎಳೆಯಲು ಬೇಕಾದ ಶಕ್ತಿ ಹೆಚ್ಚುಕಡಿಮೆ ಎಂಟರಷ್ಟಾಗುತ್ತದೆ. ಆದ್ದರಿಂದಲೇ ವೇಗದ ಹುಚ್ಚಿನವರು ಎಂಜಿನ್ನನ್ನು ಅರ್ಧರ್ಧ ಇಂಚು ಮೇಲಕ್ಕೆತ್ತಿ ಕೂರಿಸಿ ನೋಡುತ್ತಾರೆ. ಟ್ರಿಮ್ ಗುಂಡಿ ಒತ್ತಿ ಗೇರುಪೆಟ್ಟಿಗೆಯನ್ನು ಹಿಂದಕ್ಕೆ ಓರೆ ಮಾಡಿದರೆ ದೋಣಿಯ ಮೂತಿ ಏಳುತ್ತದೆ, ನೀರಿಗೆ ತಾಗುವ ತಳ ಇನ್ನೂ ಕಡಿಮೆಯಾಗುತ್ತದೆ. ಕಾಸು ಖರ್ಚಿಲ್ಲದೆ ಸಿಗುವ ವೇಗ ಇದು.

ಅತಿಯಾದರೆ? ಮೂತಿ ಎದ್ದೆದ್ದು ಕುಕ್ಕತೊಡಗುತ್ತದೆ. ಮೇಲಿನ ಗಾಳಿ ರೆಕ್ಕೆಗೆ ನುಗ್ಗಿ ಹಿಡಿತ ತಪ್ಪುತ್ತದೆ, ಎಂಜಿನ್ ಒಮ್ಮೆಲೇ ಕಿರುಚುತ್ತದೆ. ಇದನ್ನು ಬಹಳ ಮಂದಿ ಕ್ಯಾವಿಟೇಶನ್ ಅನ್ನುತ್ತಾರೆ, ತಪ್ಪು. ರೆಕ್ಕೆಯ ಮೇಲೆ ಒತ್ತಡ ತೀರಾ ಇಳಿದು, ತಣ್ಣೀರೇ ಕುದಿದು ಗುಳ್ಳೆಯಾಗುವುದು ಕ್ಯಾವಿಟೇಶನ್. ಆ ಗುಳ್ಳೆಗಳು ಒಡೆಯುವ ಏಟಿಗೆ ಲೋಹವೇ ಗುಳಿಬೀಳುತ್ತದೆ. ಎತ್ತರಿಸುವುದರಲ್ಲಿ ಇನ್ನೊಂದು ಅಪಾಯ ಸದ್ದಿಲ್ಲದ್ದು: ಎಂಜಿನ್ ತಂಪಿಗೆ ನೀರು ಹೀರುವ ಕಿಂಡಿಗಳು ಗೇರುಪೆಟ್ಟಿಗೆಯ ಪಕ್ಕದಲ್ಲಿರುತ್ತವೆ. ಅವು ನೀರಿನಿಂದ ಹೊರಬಂದರೆ ಎಂಜಿನ್ ಸುಡುತ್ತದೆ. ನೀರಿನ ಒತ್ತಡ ತೋರಿಸುವ ಮೀಟರ್ ಇಲ್ಲದೆ ಈ ಪ್ರಯೋಗ ಬೇಡ.

ಎತ್ತರಿಸುವ ಈ ವಿಚಾರವನ್ನು ತುದಿಮುಟ್ಟಿಸಿ ತೋರಿಸಿದ್ದು ಅಮೆರಿಕದ ಸಿಯಾಟಲ್ ನಗರದ ಸ್ಟ್ಯಾನ್ಲಿ ಸೇಯರ್ಸ್ ಅವರ ದೋಣಿ, ಸ್ಲೋ-ಮೋ-ಶನ್ 4. ವಿನ್ಯಾಸ ಟೆಡ್ ಜೋನ್ಸ್ ಅವರದು, ಕಟ್ಟಿದವರು ಆಂಕರ್ ಜೆನ್ಸನ್. ಎಂಜಿನ್ ಯುದ್ಧವಿಮಾನಗಳಿಗೆಂದು ತಯಾರಾದ ಆಲಿಸನ್. ಪೂರ್ಣ ವೇಗದಲ್ಲಿ ಆ ದೋಣಿ ಮುಂದೆ ಎರಡೂ ಬದಿಗೆ ಚಾಚಿದ ತೇಲುಗಳ ಮೇಲೆ ಮತ್ತು ಹಿಂದೆ ಪ್ರೊಪೆಲ್ಲರಿನ ಮೇಲೆಯೇ ನಿಂತು ಹಾರುತ್ತಿತ್ತು. ಪ್ರೊಪೆಲ್ಲರಿನ ಅರ್ಧಭಾಗ ಗಾಳಿಯಲ್ಲಿ. 1950ರ ಜೂನ್ 26ರಂದು ವಾಷಿಂಗ್ಟನ್ ಸರೋವರದಲ್ಲಿ ಅದು ಗಂಟೆಗೆ 258 ಕಿಲೋಮೀಟರ್ ಮುಟ್ಟಿತು. ಅದಕ್ಕೂ ಹಿಂದಿನ ದಾಖಲೆ 1939ರಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಮಾಡಿದ 228. 1952ರಲ್ಲಿ ಇದೇ ದೋಣಿ 287 ದಾಟಿತು.

ನೀವೇ ಪ್ರಯೋಗಕ್ಕಿಳಿಯುವುದಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದೇ ಇಂಧನ, ಅಷ್ಟೇ ಜನ. ಗಾಳಿಯ ದಿಕ್ಕಿನಲ್ಲೊಮ್ಮೆ, ಎದುರಿಗೊಮ್ಮೆ ಓಡಿಸಿ ಸರಾಸರಿ ಬರೆದಿಡಿ. ಕೂರುವ ಮೊದಲು ಲೈಫ್ ಜಾಕೆಟ್ ತೊಡಿ, ನೀವು ಬಿದ್ದರೆ ಎಂಜಿನ್ ನಿಲ್ಲಿಸುವ ಆ ಕೆಂಪು ದಾರವನ್ನು ಮೈಗೆ ಸಿಕ್ಕಿಸಿಕೊಳ್ಳಿ. ಸಿಯಾಟಲ್‌ಗೆ ಹೋಗುವವರು ಅಲ್ಲಿನ ಇತಿಹಾಸ ಮತ್ತು ಕೈಗಾರಿಕಾ ಸಂಗ್ರಹಾಲಯದ ಬಾಗಿಲು ದಾಟಿ ತಲೆಯೆತ್ತಿ ನೋಡಿ, ಸ್ಲೋ-ಮೋ-ಶನ್ 4 ಅಲ್ಲೇ ತೂಗುತ್ತಿದೆ.